ತುಘಲಕನ ಖಾಜಿ ಎಲ್ಲಿ?

ಗಿರೀಶ ಕಾರ್ನಾಡರ ‘ತುಘಲಕ್’ ಪ್ರಕಟವಾದದ್ದು 1964ರಲ್ಲಿ. ಅಂದಿನಿಂದ ಆ ನಾಟಕದ ಮೇಲೆ ಬಂದಿರುವ ವಿಮರ್ಶೆಯ ಬಹುಭಾಗ ಒಂದೇ ದಾರಿಯಲ್ಲಿ ಸಾಗಿದೆ. ಇದು ಆದರ್ಶವಾದಿಯೊಬ್ಬನ ಪತನದ ಕಥೆ. ನೆಹರೂ ಯುಗದ ಕೊನೆಯಲ್ಲಿ ವಿದ್ಯಾವಂತರ ಮನಸ್ಸನ್ನು ಕವಿದ ಭ್ರಮನಿರಸನದ ಕನ್ನಡಿ. ಕನಸು ಕಂಡವನೇ ಕಟುಕನಾಗುವ ವಿಪರ್ಯಾಸ. ಈ ಮಾತುಗಳು ಸುಳ್ಳಲ್ಲ. ಆದರೆ ಇವುಗಳ ನಡುವೆ ನಾಟಕದ ಮೊದಲ ದೃಶ್ಯಕ್ಕೆ ಸಲ್ಲಬೇಕಾದ ಗಮನ ಸಂದಿಲ್ಲವೆಂದು ತೋರುತ್ತದೆ. ಆ ದೃಶ್ಯ ನಡೆಯುವುದು ನ್ಯಾಯಾಲಯದ ಹೊರಗೆ. ವಿಚಾರಣೆಗೆ ಒಳಗಾಗಿರುವವನು ಸ್ವತಃ ಸುಲ್ತಾನ. ರಾಜ್ಯವಾಳಿದವನನ್ನು ಕಟಕಟೆಗೆ ತರಬಹುದೆ ಎಂಬ ಪ್ರಶ್ನೆಯನ್ನು ಕನ್ನಡದ ರಂಗಭೂಮಿ ಇಷ್ಟು ನೇರವಾಗಿ ಎತ್ತಿಕೊಂಡದ್ದು ಅಪರೂಪ. ಎತ್ತಿಕೊಂಡ ಮೇಲೆ ನಾಟಕ ಅದನ್ನೇನು ಮಾಡಿತು ಎಂಬುದು ಈ ಲೇಖನದ ವಿಷಯ.

ದೃಶ್ಯ ಓದುಗರಿಗೆ ನೆನಪಿರಬಹುದು. 1327ರ ದೆಹಲಿ. ಸುಲ್ತಾನನ ಅಧಿಕಾರಿಗಳು ತನ್ನ ಜಮೀನನ್ನು ಅನ್ಯಾಯವಾಗಿ ಕಿತ್ತುಕೊಂಡರೆಂದು ವಿಷ್ಣುಪ್ರಸಾದನೆಂಬ ಬ್ರಾಹ್ಮಣ ದಾವೆ ಹೂಡಿದ್ದಾನೆ. ಜನ ಗುಂಪುಗೂಡಿ ಕಾದಿದ್ದಾರೆ. ಖಾಜಿಯ ತೀರ್ಪು ಸುಲ್ತಾನನಿಗೆ ವಿರೋಧವಾಗಿ ಬಂದಿದೆಯೆಂದು ಸಾರುವವನು ಬಂದು ಸಾರುತ್ತಾನೆ. ಬ್ರಾಹ್ಮಣನಿಗೆ ಪರಿಹಾರದ ಹಣವೂ ಸರ್ಕಾರದಲ್ಲೊಂದು ನೌಕರಿಯೂ ದೊರೆಯುತ್ತವೆ. ಒಡನೆಯೇ ಸುಲ್ತಾನ ಹೊರಗೆ ಬರುತ್ತಾನೆ. ಸೋತವನ ಮುಖ ಅವನದಲ್ಲ. ತನ್ನ ರಾಜ್ಯದಲ್ಲಿ ನ್ಯಾಯ ಅರಸನ ಮೇಲೂ ನಡೆಯುತ್ತದೆಂದು ಹೆಮ್ಮೆಪಟ್ಟು, ಆ ಹೆಮ್ಮೆಯ ಬಿಸಿ ಆರುವ ಮೊದಲೇ ರಾಜಧಾನಿಯನ್ನು ದೌಲತಾಬಾದಿಗೆ ಸಾಗಿಸುವ ಅಪ್ಪಣೆ ಹೊರಡಿಸುತ್ತಾನೆ. ಆಮೇಲೆ ನಮಗೆ ತಿಳಿಯುವ ಸಂಗತಿ ಇನ್ನೊಂದು: ವಿಷ್ಣುಪ್ರಸಾದ ಬ್ರಾಹ್ಮಣನೇ ಅಲ್ಲ. ಆತ ಅಜೀಜ್ ಎಂಬ ಅಗಸ. ಜಮೀನು ಕಳೆದುಕೊಂಡ ಬ್ರಾಹ್ಮಣನಿಂದ ಅದನ್ನು ಹಿಂದಿನ ತಾರೀಖಿಗೆ ಕೊಂಡಂತೆ ಪತ್ರ ಮಾಡಿಸಿ, ಆ ವೇಷದಲ್ಲಿ ಬಂದು ಸುಲ್ತಾನನ ನ್ಯಾಯಪ್ರೀತಿಯನ್ನೇ ಬಂಡವಾಳ ಮಾಡಿಕೊಂಡವನು.

ಅಜೀಜನ ಈ ಮೋಸವನ್ನು ವಿಮರ್ಶಕರು ಧಾರಾಳವಾಗಿ ಚರ್ಚಿಸಿದ್ದಾರೆ. ಅವರು ಅಷ್ಟಾಗಿ ಕೇಳದ ಪ್ರಶ್ನೆ ಬೇರೆ. ಅದೇ ಗುಂಪಿನ ಬಾಯಲ್ಲಿ ಅದೇ ಹೊತ್ತಿನಲ್ಲಿ ಇನ್ನೊಂದು ಪಿಸುಮಾತು ಓಡಾಡುತ್ತಿದೆ: ಈ ಸುಲ್ತಾನ ತನ್ನ ತಂದೆಯನ್ನೂ ಸಹೋದರನನ್ನೂ ಕೊಲ್ಲಿಸಿ ಪಟ್ಟವೇರಿದವನು ಎಂದು. ಮುಂದೆ ಶೇಖ್ ಇಮಾಮುದ್ದೀನ ಅದನ್ನು ಬಹಿರಂಗವಾಗಿಯೇ ಆಡುತ್ತಾನೆ. ಮಲತಾಯಿಯ ಮನಸ್ಸಿನಲ್ಲೂ ಆ ಮುಳ್ಳಿದೆ. ಇಡೀ ನಾಟಕದ ಅಡಿಯಲ್ಲಿ ಹರಿಯುವ ಅಪರಾಧ ಅದೇ. ಆದರೆ ಅದಕ್ಕೊಂದು ದಾವೆಯಿಲ್ಲ, ಸಾಕ್ಷಿಯಿಲ್ಲ, ತೀರ್ಪಿಲ್ಲ. ಜಮೀನಿನ ವ್ಯಾಜ್ಯಕ್ಕೆ ನ್ಯಾಯಾಲಯದ ಬಾಗಿಲು ಹಾರುಹೊಡೆದಿದೆ. ಕೊಲೆಯ ಆಪಾದನೆ ಆ ಬಾಗಿಲಿನ ಹೊರಗೆ ಗುಂಪಿನಲ್ಲೇ ನಿಂತುಬಿಡುತ್ತದೆ. ಸಣ್ಣ ಮೊಕದ್ದಮೆಯಲ್ಲಿ ಸೋಲುವುದು ಸುಲ್ತಾನನಿಗೆ ಲಾಭ. ದೊಡ್ಡ ಮೊಕದ್ದಮೆ ಹುಟ್ಟದಿರುವುದಕ್ಕೆ ಆ ಸೋಲೇ ಜಾಮೀನು.

ಇನ್ನೂ ಒಂದು ಮಾತು. ಸುಲ್ತಾನನ ವಿರುದ್ಧ ತೀರ್ಪು ಕೊಟ್ಟ ಆ ಧೀರ ಖಾಜಿಯನ್ನು ನಾವು ನೋಡುವುದೇ ಇಲ್ಲ. ಪಾತ್ರವರ್ಗದಲ್ಲಿ ಅವನಿಲ್ಲ. ಅವನ ದನಿ ಡಂಗುರದವನ ಬಾಯಿಂದ ಬರುತ್ತದೆ, ಬಂದು ಮುಗಿಯುತ್ತದೆ.

ಇದೆಲ್ಲ ರಂಗದ ಮೇಲಿನ ಮಾತಾಯಿತು ಎನ್ನುವಂತಿಲ್ಲ. ನಾಟಕ ಅಚ್ಚಾದ ಮೇಲಿನ ಅರವತ್ತು ವರ್ಷಗಳಲ್ಲಿ ನಮ್ಮ ದೇಶ ಅದೇ ದೃಶ್ಯವನ್ನು ಬೇರೆ ವೇಷಗಳಲ್ಲಿ ಆಡಿ ತೋರಿಸಿದೆ. ಕಾನೂನಿನ ಪುಸ್ತಕವನ್ನು ನೋಡಿದರೆ ಪ್ರಶ್ನೆಗೆ ಉತ್ತರ ಸುಲಭ. ಸಂವಿಧಾನದ 361ನೆಯ ವಿಧಿ ರಾಷ್ಟ್ರಪತಿಗೂ ರಾಜ್ಯಪಾಲರಿಗೂ ಅವರು ಪದವಿಯಲ್ಲಿರುವ ತನಕ ಮಾತ್ರ ಕ್ರಿಮಿನಲ್ ನಡವಳಿಕೆಯಿಂದ ರಕ್ಷಣೆ ಕೊಡುತ್ತದೆ. ಪ್ರಧಾನಮಂತ್ರಿಗೆ ಆ ರಕ್ಷಣೆಯೂ ಇಲ್ಲ. ಪದವಿ ಬಿಟ್ಟವರಿಗಂತೂ ಯಾರಿಗೂ ಇಲ್ಲ. ಇದನ್ನು ಬದಲಿಸುವ ಯತ್ನವೊಂದು ನಡೆಯದೆ ಇರಲಿಲ್ಲ. 1975ರ ಆಗಸ್ಟಿನಲ್ಲಿ, ತುರ್ತುಪರಿಸ್ಥಿತಿ ಘೋಷಣೆಯಾಗಿ ಎರಡು ತಿಂಗಳೂ ತುಂಬುವ ಮೊದಲು, ಸಂವಿಧಾನದ ನಾಲ್ವತ್ತೊಂದನೆಯ ತಿದ್ದುಪಡಿಯೆಂದು ಒಂದು ಮಸೂದೆ ರಾಜ್ಯಸಭೆಯಲ್ಲಿ ಅಂಗೀಕಾರವಾಯಿತು. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರಾಗಿರುವವರ ಮೇಲಾಗಲಿ ಆಗಿದ್ದವರ ಮೇಲಾಗಲಿ, ಪದವಿಗೆ ಬರುವ ಮೊದಲು ಮಾಡಿದ್ದಕ್ಕಾಗಲಿ ಪದವಿಯಲ್ಲಿದ್ದಾಗ ಮಾಡಿದ್ದಕ್ಕಾಗಲಿ, ಎಂದೆಂದಿಗೂ ಕ್ರಿಮಿನಲ್ ಮೊಕದ್ದಮೆ ನಡೆಯಕೂಡದೆಂಬುದು ಅದರ ತಾತ್ಪರ್ಯ. ಲೋಕಸಭೆಯಲ್ಲಿ ಅದು ಮುಂದುವರಿಯಲಿಲ್ಲ; ಅಲ್ಲಿಗೇ ಬಿದ್ದುಹೋಯಿತು. ಆ ಮಸೂದೆ ಕಾಯಿದೆಯಾಗಿದ್ದರೆ ಈ ಲೇಖನಕ್ಕೆ ವಿಷಯವೇ ಇರುತ್ತಿರಲಿಲ್ಲ. ತುಘಲಕನಾದರೂ ಖಾಜಿಯ ಮುಂದೆ ನಿಂತಂತೆ ತೋರಿಸಿಕೊಂಡ. ಆ ಮಸೂದೆಗೆ ಅಷ್ಟು ತೋರಿಕೆಯೂ ಬೇಕಾಗಿರಲಿಲ್ಲ.

1977ರ ಮಾರ್ಚಿನಲ್ಲಿ ಸರ್ಕಾರ ಬದಲಾಯಿತು. ಅಕ್ಟೋಬರ್ 3ರಂದು ಮಾಜಿ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರನ್ನು ಸಿ.ಬಿ.ಐ. ದಸ್ತಗಿರಿ ಮಾಡಿತು. ಸ್ವತಂತ್ರ ಭಾರತದಲ್ಲಿ ಮಾಜಿ ಪ್ರಧಾನಿಯೊಬ್ಬರು ಬಂಧನಕ್ಕೊಳಗಾದದ್ದು ಅದೇ ಮೊದಲು. ಯಾವ ಅಪರಾಧಕ್ಕೆ? ಚುನಾವಣೆಯ ಪ್ರಚಾರಕ್ಕೆ ಜೀಪುಗಳನ್ನು ಪಡೆದದ್ದು ಒಂದು. ಎಣ್ಣೆ ಶೋಧನೆಯ ಗುತ್ತಿಗೆಯೊಂದನ್ನು ಫ್ರೆಂಚ್ ಕಂಪನಿಗೆ ಕೊಡಿಸಿದ್ದು ಇನ್ನೊಂದು. ಮರುದಿನ ಮ್ಯಾಜಿಸ್ಟ್ರೇಟರು ಆಪಾದನೆಯನ್ನು ನಂಬಲು ಸಾಕಷ್ಟು ಆಧಾರ ಕಾಣದೆಂದು ಅವರನ್ನು ಬಿಡುಗಡೆ ಮಾಡಿದರು. ಅದೇ ವೇಳೆ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಷಾ ಅವರ ಆಯೋಗ ತುರ್ತುಪರಿಸ್ಥಿತಿಯ ಲೆಕ್ಕವನ್ನು ಬರೆಯುತ್ತಿತ್ತು. 34,988 ಜನ ಮೀಸಾ ಕಾಯಿದೆಯಲ್ಲಿ, 75,818 ಜನ ಭಾರತ ರಕ್ಷಣಾ ನಿಯಮಗಳಲ್ಲಿ ಸೆರೆಯಾಗಿದ್ದರೆಂಬುದು ಅದರ ಅಂಕಿ. ಲಕ್ಷವನ್ನು ಮೀರಿದ ಈ ಸೆರೆವಾಸದ ಮುಂದೆ ಜೀಪುಗಳ ಮೊಕದ್ದಮೆಯನ್ನು ಇಟ್ಟು ನೋಡಿದರೆ ಕಾರ್ನಾಡರ ಮೊದಲ ದೃಶ್ಯ ಎಷ್ಟು ದೂರ ಕಂಡಿತ್ತೆಂಬುದು ತಿಳಿಯುತ್ತದೆ. ಜಮೀನಿನ ದಾವೆ ಒಳಗೆ. ದೊಡ್ಡ ಆಪಾದನೆ ಹೊರಗೆ.

ಆ ಲಕ್ಷದಲ್ಲಿ ಒಂದು ಹೆಸರು ಕನ್ನಡ ಸಾಹಿತ್ಯದ ಓದುಗರಿಗೆ ತೀರ ಹತ್ತಿರದ್ದು. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ‘ಸಂಸ್ಕಾರ’ವನ್ನು ಚಲಚ್ಚಿತ್ರ ಮಾಡಿದಾಗ ಪ್ರಾಣೇಶಾಚಾರ್ಯರ ಪಾತ್ರ ವಹಿಸಿದವರು ‘ತುಘಲಕ್’ ಬರೆದ ಕಾರ್ನಾಡರೇ. ಚಂದ್ರಿಯ ಪಾತ್ರ ವಹಿಸಿದವರು ಸ್ನೇಹಲತಾ ರೆಡ್ಡಿ. 1976ರ ಮೇ ತಿಂಗಳಲ್ಲಿ ಆಕೆಯನ್ನು ಬಂಧಿಸಿದರು. ಉಬ್ಬಸದ ರೋಗಿ. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಎಂಟು ತಿಂಗಳು ವಿಚಾರಣೆಯಿಲ್ಲದೆ ಕಳೆದರು. ದೇಹ ಪೂರ್ತಿ ಕುಸಿದ ಮೇಲೆ 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಿಟ್ಟರು. ಜನವರಿ 20ರಂದು ತೀರಿಕೊಂಡರು. ಇಂಥ ಸೆರೆಯನ್ನು ಪ್ರಶ್ನಿಸುವ ಹಕ್ಕೇ ಪ್ರಜೆಗೆ ಇಲ್ಲವೆಂದು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಹೇಳಿತ್ತು. ಐವರಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ತೀರ್ಪನ್ನು ಅದೇ ಕೋರ್ಟು ತಳ್ಳಿಹಾಕಿದ್ದು 2017ರಲ್ಲಿ. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ತೀರ್ಪು ತಿದ್ದಿತು. ಆದರೆ ಸ್ನೇಹಲತಾ ಅವರ ಸಾವಿಗೆ ಆಳುವ ಪೀಠದಲ್ಲಿದ್ದ ಯಾರೂ ಕ್ರಿಮಿನಲ್ ಕೋರ್ಟಿನಲ್ಲಿ ಉತ್ತರ ಹೇಳಲಿಲ್ಲ.

ಜನತಾ ಸರ್ಕಾರ ವಿಶೇಷ ನ್ಯಾಯಾಲಯಗಳ ಕಾಯಿದೆಯನ್ನು ತಂದದ್ದು 1979ರಲ್ಲಿ, ಅಂದರೆ ತನ್ನ ಕಾಲು ನಡುಗುತ್ತಿದ್ದಾಗ. 1980ರ ಜನವರಿಯಲ್ಲಿ ಶ್ರೀಮತಿ ಗಾಂಧಿಯವರು ಮತ್ತೆ ಪ್ರಧಾನಿಯಾದರು. ಮೊಕದ್ದಮೆಗಳು ಒಂದರ ಹಿಂದೆ ಒಂದು ಉದುರಿದವು. ನಡುವೆ 1978ರ ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹಕ್ಕುಚ್ಯುತಿಗಾಗಿ ಉಚ್ಚಾಟಿಸಿ ಅಧಿವೇಶನ ಮುಗಿಯುವ ತನಕ ತಿಹಾರ್ ಜೈಲಿಗೆ ಕಳಿಸಿತ್ತಷ್ಟೆ. ಅದು ಕೋರ್ಟಿನ ಶಿಕ್ಷೆಯಲ್ಲ, ಬಹುಮತದ ಶಿಕ್ಷೆ. ಇನ್ನೊಂದು ಬಹುಮತ ಬಂದು 1981ರಲ್ಲಿ ಆ ನಿರ್ಣಯವನ್ನೇ ರದ್ದುಮಾಡಿತು.

ಅವರು ಆ ಲೋಕಸಭೆಗೆ ಹೋದದ್ದು ನಮ್ಮ ಚಿಕ್ಕಮಗಳೂರಿನಿಂದ. 1978ರ ನವೆಂಬರಿನ ಉಪಚುನಾವಣೆಯಲ್ಲಿ ಜನತಾ ಪಕ್ಷದ ವೀರೇಂದ್ರ ಪಾಟೀಲರನ್ನು ಸೋಲಿಸಿ ಗೆದ್ದಾಗ, ಜನತಾ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತೆಂದು ಹೇಳಿದವರು ಅನೇಕರು. ಈ ಮಾತು ಇಂದಿಗೂ ನಮ್ಮ ರಾಜಕೀಯದಲ್ಲಿ ಚಲಾವಣೆಯ ನಾಣ್ಯ. ಇದು ತುಘಲಕನ ತಾಮ್ರದ ನಾಣ್ಯಕ್ಕಿಂತ ಹೆಚ್ಚು ಗಟ್ಟಿಯಾದದ್ದಲ್ಲ. ಮತದಾರ ಪ್ರತಿನಿಧಿಯನ್ನು ಆರಿಸುತ್ತಾನೆ; ಅಪರಾಧದ ಸಾಕ್ಷ್ಯವನ್ನು ತೂಗಿ ನೋಡುವುದಿಲ್ಲ, ತೂಗಬೇಕೆಂದು ಅವನನ್ನು ಕೇಳಿದವರೂ ಇಲ್ಲ. ಕನಕಪುರದ ನಿದರ್ಶನ ಇದನ್ನು ಇನ್ನೊಂದು ಕಡೆಯಿಂದ ತೋರಿಸುತ್ತದೆ. 2002ರ ಉಪಚುನಾವಣೆಯಲ್ಲಿ ಆ ಕ್ಷೇತ್ರ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರನ್ನು ಲೋಕಸಭೆಗೆ ಕಳಿಸಿತು. 2004ರಲ್ಲಿ ಅದೇ ಕ್ಷೇತ್ರ ಅವರನ್ನು ಸೋಲಿಸಿ ತೇಜಸ್ವಿನಿಯವರನ್ನು ಆರಿಸಿತು. ಎರಡು ಬಾರಿಯೂ ಅಲ್ಲಿ ಯಾವ ಅಪರಾಧದ ವಿಚಾರಣೆಯೂ ನಡೆಯಲಿಲ್ಲ. ಜನ ತಮಗೆ ಬೇಕಾದವರನ್ನು ಆರಿಸಿಕೊಂಡರು, ಅಷ್ಟೆ. ಉಯ್ಯಂಬಳ್ಳಿಯ ಮತಗಟ್ಟೆಯಲ್ಲಿ ಸರದಿಯಲ್ಲಿ ನಿಂತ ರೈತನಿಗೆ ಈ ವ್ಯತ್ಯಾಸ ಗೊತ್ತು. ಚುನಾವಣೆಯ ಸೋಲು ಶಿಕ್ಷೆಯಲ್ಲವಾದರೆ ಗೆಲುವು ಖುಲಾಸೆಯೂ ಅಲ್ಲ. ಗೊತ್ತಿಲ್ಲದಂತೆ ನಟಿಸುವವರು ವೇದಿಕೆಯ ಮೇಲಿರುವವರು.

ಶ್ರೀ ಪಿ.ವಿ. ನರಸಿಂಹರಾಯರ ಪ್ರಕರಣ ಸಾಹಿತ್ಯದ ಪುಟಕ್ಕೆ ಎರಡು ರೀತಿಯಲ್ಲಿ ಸಲ್ಲುತ್ತದೆ. ಅವರು ಸ್ವತಃ ಲೇಖಕರು. ವಿಶ್ವನಾಥ ಸತ್ಯನಾರಾಯಣರ ‘ವೇಯಿಪಡಗಲು’ ಕಾದಂಬರಿಯನ್ನು ಹಿಂದಿಗೆ ತಂದವರು; 1998ರಲ್ಲಿ ‘ದಿ ಇನ್‌ಸೈಡರ್’ ಎಂಬ ಆತ್ಮಕಥಾರೂಪದ ಕಾದಂಬರಿಯನ್ನು ಇಂಗ್ಲಿಷಿನಲ್ಲಿ ಬರೆದವರು. ಅಧಿಕಾರದ ಒಳಮನೆಯನ್ನು ಕಂಡವನ ಕಥೆಯೆಂದು ಹೆಸರೇ ಹೇಳುತ್ತದೆ. ಆದರೆ ಪ್ರಧಾನಿ ಪದವಿಯ ವರ್ಷಗಳು ಆ ಕಾದಂಬರಿಯಲ್ಲಿಲ್ಲ. ಕಥೆ ಅದಕ್ಕೆ ಬಹಳ ಹಿಂದೆಯೇ ನಿಲ್ಲುತ್ತದೆ. ಲೇಖಕ ಬಿಟ್ಟ ಅಧ್ಯಾಯವನ್ನು ಕೋರ್ಟು ಕೈಗೆತ್ತಿಕೊಂಡಿತು. 1993ರ ಜುಲೈ 28ರಂದು ಅವರ ಸರ್ಕಾರದ ಮೇಲಿನ ಅವಿಶ್ವಾಸ ನಿರ್ಣಯ 251ಕ್ಕೆ 265 ಮತಗಳಿಂದ ಬಿದ್ದುಹೋಗಿತ್ತು. ಸದಸ್ಯರಿಗೆ ಲಂಚ ಕೊಟ್ಟು ಆ ಮತಗಳನ್ನು ಪಡೆದರೆಂಬುದು ಆಪಾದನೆ. 1998ರಲ್ಲಿ ಸುಪ್ರೀಂ ಕೋರ್ಟು ವಿಚಿತ್ರವಾದ ಗೆರೆಯೊಂದನ್ನು ಎಳೆಯಿತು: ಲಂಚ ಪಡೆದು ಮತ ಹಾಕಿದ ಸದಸ್ಯನಿಗೆ ಸಂಸತ್ತಿನ ಹಕ್ಕಿನ ರಕ್ಷಣೆಯುಂಟು, ಕೊಟ್ಟವನಿಗೆ ಇಲ್ಲ. 2000ದ ಸೆಪ್ಟೆಂಬರ್ 29ರಂದು ದೆಹಲಿಯ ವಿಶೇಷ ನ್ಯಾಯಾಧೀಶರು ರಾಯರನ್ನು ಅಪರಾಧಿಯೆಂದು ಘೋಷಿಸಿ, ಅಕ್ಟೋಬರಿನಲ್ಲಿ ಮೂರು ವರ್ಷಗಳ ಶಿಕ್ಷೆ ವಿಧಿಸಿದರು. ಕ್ರಿಮಿನಲ್ ಕೋರ್ಟಿನಲ್ಲಿ ಅಪರಾಧಿಯೆನಿಸಿದ ಮೊದಲ ಮಾಜಿ ಪ್ರಧಾನಿ ಅವರು. 2002ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಮಾಫಿ ಸಾಕ್ಷಿಯ ಹೇಳಿಕೆ ನಂಬತಕ್ಕದ್ದಲ್ಲವೆಂದು ಅವರನ್ನು ಬಿಡುಗಡೆ ಮಾಡಿತು. 1998ರ ಆ ಗೆರೆಯನ್ನು ಏಳು ನ್ಯಾಯಮೂರ್ತಿಗಳ ಪೀಠ ಅಳಿಸಿದ್ದು 2024ರ ಮಾರ್ಚ್ 4ರಂದು. ಅಷ್ಟರಲ್ಲಿ ರಾಯರು ಕಾಲವಾಗಿ ಹತ್ತೊಂಬತ್ತು ವರ್ಷ ಕಳೆದಿತ್ತು.

ಈ ಪ್ರಕರಣ ಕೊನೆಗೆ ಖುಲಾಸೆಯಲ್ಲಿ ಮುಗಿದದ್ದರಿಂದ ವ್ಯರ್ಥವಾಯಿತೆನ್ನುವವರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ. ಸಾಮಾನ್ಯ ಕಾನೂನಿನ ಕೆಳಗೆ ವಿಚಾರಣೆ ನಡೆಯಿತು; ಸಾಕ್ಷಿಗಳ ಪಾಟೀಸವಾಲಾಯಿತು; ಕೆಳಗಿನ ಕೋರ್ಟು ಒಂದು ಹೇಳಿತು, ಮೇಲಿನ ಕೋರ್ಟು ತಿದ್ದಿತು. ಪ್ರಧಾನಿಯಾಗಿದ್ದವರಿಗೆ ಇದು ಅವಮಾನವೆಂದರೆ, ಗುಮಾಸ್ತನಿಗೆ ಇದು ದಿನದ ಅನುಭವ. ಇಂಥ ಖುಲಾಸೆಗೆ ಮರ್ಯಾದೆಯುಂಟು, ಏಕೆಂದರೆ ಅದು ವಿಚಾರಣೆಯ ಆಚೆಬದಿಯಲ್ಲಿ ದೊರೆತದ್ದು.

ಇದಕ್ಕೆ ಎದುರಾಗಿ ಬರುವ ಆಕ್ಷೇಪ ಹಗುರವಾದದ್ದಲ್ಲ. ಮಾಜಿ ಆಳರಸನ ಮೇಲೆ ಮೊಕದ್ದಮೆಯೆಂದರೆ ಹಾಲಿ ಆಳರಸನ ಸೇಡು ಎಂಬುದು ಆ ಆಕ್ಷೇಪ. ನೆರೆಯ ಪಾಕಿಸ್ತಾನದಲ್ಲಿ ಮಾಜಿ ಪ್ರಧಾನಿ ಜುಲ್ಫಿಕರ್ ಅಲಿ ಭುಟ್ಟೊ ಅವರನ್ನು 1979ರ ಏಪ್ರಿಲ್ 4ರಂದು ಕೋರ್ಟಿನ ತೀರ್ಪಿನ ಹೆಸರಿನಲ್ಲಿಯೇ ಗಲ್ಲಿಗೇರಿಸಿದರು. ಆ ವಿಚಾರಣೆ ನ್ಯಾಯವಾಗಿ ನಡೆಯಲಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು ಹೇಳಿದ್ದು 2024ರ ಮಾರ್ಚಿನಲ್ಲಿ. ನಾಲ್ವತ್ತೈದು ವರ್ಷ ತಡವಾಗಿ ಬಂದ ಆ ಮಾತು ಯಾರ ಕುತ್ತಿಗೆಯನ್ನೂ ಉಳಿಸಲಿಲ್ಲ. ಇನ್ನೊಂದು ತುದಿಯಲ್ಲಿ ಅಮೆರಿಕ. 1974ರಲ್ಲಿ ನಿಕ್ಸನ್ನರ ಮೇಲೆ ಮೊಕದ್ದಮೆ ಹುಟ್ಟುವ ಮೊದಲೇ ಫೋರ್ಡ್ ಅವರು ಕ್ಷಮೆ ದಯಪಾಲಿಸಿದರು. 2024ರ ಜುಲೈ 1ರಂದು ಅಲ್ಲಿನ ಸುಪ್ರೀಂ ಕೋರ್ಟು ಅಧ್ಯಕ್ಷ ಪದವಿಯ ಅಧಿಕೃತ ಕಾರ್ಯಗಳಿಗೆ ವಿಶಾಲವಾದ ರಕ್ಷಣೆಯನ್ನೇ ಕೊಟ್ಟಿತು. ದಕ್ಷಿಣ ಕೊರಿಯ 1996ರಲ್ಲಿ ತನ್ನ ಇಬ್ಬರು ಮಾಜಿ ಅಧ್ಯಕ್ಷರನ್ನು ಅಪರಾಧಿಗಳೆಂದು ಘೋಷಿಸಿ, 1997ರ ಕೊನೆಯಲ್ಲಿ ಇಬ್ಬರಿಗೂ ಕ್ಷಮೆ ನೀಡಿತು. ಒಂದು ಕಡೆ ನೇಣು, ಒಂದು ಕಡೆ ಕ್ಷಮೆ. ಎರಡೂ ಅಧಿಕಾರದಲ್ಲಿರುವವರ ಕೈಯಿಂದಲೇ ಬರುವಂಥವು.

ಹಾಗಾದರೆ ಯಾವುದನ್ನು ಕೋರ್ಟಿಗೆ ಒಯ್ಯಬೇಕು, ಯಾವುದನ್ನು ಬಿಡಬೇಕು? ಇಲ್ಲಿ ಮತ್ತೆ ‘ತುಘಲಕ್’ ನಮ್ಮ ನೆರವಿಗೆ ಬರುತ್ತದೆ. ಸುಲ್ತಾನ ರಾಜಧಾನಿಯನ್ನು ಸಾಗಿಸಿದ. ತಾಮ್ರದ ನಾಣ್ಯ ಚಲಾಯಿಸಿದ. ಇವು ಅವಿವೇಕಗಳು. ಅವಿವೇಕಕ್ಕೆ ಕ್ರಿಮಿನಲ್ ಕಾನೂನಿನಲ್ಲಿ ಜಾಗವಿರಬಾರದು. ಇದ್ದರೆ ಯಾವ ಮಂತ್ರಿಯೂ ಹೊಸದೊಂದು ಕಾಗದಕ್ಕೆ ರುಜು ಹಾಕಲಾರ. ಅಂಥ ತಪ್ಪಿಗೆ ಚುನಾವಣೆಯಿದೆ, ಇತಿಹಾಸವಿದೆ, ವಿಮರ್ಶೆಯಿದೆ. ಆದರೆ ತಂದೆಯ ಕೊಲೆ ಅವಿವೇಕವಲ್ಲ. ಪ್ರಾರ್ಥನೆಯ ಹೊತ್ತಿನಲ್ಲಿ ಮಾಡಿದ ಹತ್ಯೆ ಆಡಳಿತ ನೀತಿಯಲ್ಲ. ವಿಚಾರಣೆಯಿಲ್ಲದೆ ರೋಗಿಯೊಬ್ಬಳನ್ನು ಎಂಟು ತಿಂಗಳು ಕೂಡಿಹಾಕುವುದೂ ನೀತಿಯಲ್ಲ. ನಾವು ಮಾಡುತ್ತ ಬಂದಿರುವುದು ಇದಕ್ಕೆ ವಿರುದ್ಧ. ನೀತಿಯ ತಪ್ಪನ್ನು ಅಪರಾಧವೆಂದು ಭಾಷಣದಲ್ಲಿ ಬೈಯುತ್ತೇವೆ. ನಿಜವಾದ ಅಪರಾಧವನ್ನು ರಾಜಕೀಯವೆಂದು ಕ್ಷಮಿಸುತ್ತೇವೆ. ನಡುವೆ ಸಿಕ್ಕ ಜೀಪುಗಳಿಗೆ ಮೊಕದ್ದಮೆ ಹೂಡುತ್ತೇವೆ.

ಇಷ್ಟು ದೂರ ದಾರಿ ತೋರಿದ ನಾಟಕ ಕೊನೆಯಲ್ಲಿ ನಮ್ಮನ್ನು ಅರ್ಧದಲ್ಲೇ ಬಿಡುತ್ತದೆಂದು ಹೇಳದೆ ವಿಧಿಯಿಲ್ಲ. ಮುಂದಿನ ದೃಶ್ಯಗಳಲ್ಲಿ ಕೋರ್ಟಿನ ಸುಳಿವೇ ಇಲ್ಲ. ಮಲತಾಯಿ ನಜೀಬನ ಕೊಲೆಯನ್ನು ಒಪ್ಪಿಕೊಂಡಾಗ ಅವಳನ್ನು ಕಲ್ಲೆಸೆದು ಕೊಲ್ಲುವ ಶಿಕ್ಷೆ ಸುಲ್ತಾನನ ಬಾಯಿಂದಲೇ ಬರುತ್ತದೆ. ಕೊನೆಯ ದೃಶ್ಯದಲ್ಲಿ ಅಜೀಜ್ ಸಿಕ್ಕಿಬಿದ್ದಾಗ ಅವನಿಗೆ ದಖ್ಖಣದಲ್ಲೊಂದು ಹುದ್ದೆಯೂ ಅದೇ ಬಾಯಿಂದ ಬರುತ್ತದೆ. ಶಿಕ್ಷೆಯೂ ಕ್ಷಮೆಯೂ ಒಬ್ಬನ ಮರ್ಜಿ. ಇದನ್ನು ಕಾರ್ನಾಡರು ಅಸಾಧಾರಣ ಶಕ್ತಿಯಿಂದ ತೋರಿಸಿದ್ದಾರೆ. ಆದರೆ ನಮ್ಮ ಕಣ್ಣನ್ನು ಅವರು ನಿಲ್ಲಿಸುವುದು ಸುಲ್ತಾನನ ಮನಸ್ಸಿನ ಮೇಲೆ: ಅವನ ನಿದ್ದೆಗೇಡಿತನ, ಅವನ ಏಕಾಂತ, ಪ್ರಾರ್ಥನೆಗಾಗಿ ಅವನ ತಹತಹ. ನಾವು ಅವನಿಗಾಗಿ ಮರುಗಿ ಮನೆಗೆ ಹೋಗುತ್ತೇವೆ. ಸತ್ತವರ ಕಡೆಯ ವಕಾಲತ್ತು ಯಾರೂ ವಹಿಸುವುದಿಲ್ಲ. ನವ್ಯದ ಶಕ್ತಿಯೂ ಮಿತಿಯೂ ಇಲ್ಲಿಯೇ ಇದ್ದಂತಿದೆ. ಅಪರಾಧವನ್ನು ಅದು ಅಂತಃಕರಣದ ವ್ಯಾಧಿಯಾಗಿ ಕಂಡಿತು. ಸಾರ್ವಜನಿಕ ಜವಾಬುದಾರಿಯಾಗಿ ಕಾಣಲಿಲ್ಲ. ಪಶ್ಚಾತ್ತಾಪ ಅಪರಾಧಿಯ ಸ್ವತ್ತು. ತೀರ್ಪು ನೊಂದವರ ಹಕ್ಕು. ಒಂದನ್ನು ಕೊಟ್ಟು ಇನ್ನೊಂದರ ಸಾಲ ತೀರಿಸಲಾಗದು.

ವ್ಯವಹಾರದಲ್ಲಿ ಈ ಹಕ್ಕಿಗೆ ಅಡ್ಡವಾಗಿರುವುದು ಮಂಜೂರಾತಿಯೆಂಬ ಕದ. ಅಧಿಕಾರದ ಕರ್ತವ್ಯದಲ್ಲಿ ಮಾಡಿದ ಕೆಲಸಕ್ಕೆ ಮೊಕದ್ದಮೆ ಹೂಡಬೇಕಾದರೆ ಸರ್ಕಾರದ ಅಪ್ಪಣೆ ಬೇಕು. 1973ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಪದವಿ ಬಿಟ್ಟವರಿಗೂ ಈ ರಕ್ಷಣೆ ವಿಸ್ತರಿಸಿತು. ಭ್ರಷ್ಟಾಚಾರದ ಕಾಯಿದೆಯಲ್ಲಿ ಮಾಜಿಗಳಿಗೆ ಅದು ದೊರೆತದ್ದು 2018ರಲ್ಲಿ. 2024ರ ಜುಲೈಯಿಂದ ಜಾರಿಗೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆ 120 ದಿನಗಳ ಗಡುವು ಹಾಕಿ, ಅಷ್ಟರಲ್ಲಿ ಉತ್ತರ ಬಾರದಿದ್ದರೆ ಅಪ್ಪಣೆ ದೊರೆತಂತೆಂದು ಹೇಳಿರುವುದು ಒಳ್ಳೆಯ ಹೆಜ್ಜೆ. ಆದರೆ ಅಪ್ಪಣೆ ಕೊಡುವ ಕೈ ಸರ್ಕಾರದ್ದೇ. ತನ್ನವರಾದರೆ ನಿರಾಕರಣೆ, ಎದುರಿನವರಾದರೆ ಆತುರ. ಉಯ್ಯಂಬಳ್ಳಿಯಿಂದ ಸಂಗಮದ ಕಡೆಗೆ ಹೋಗುವ ದಾರಿಯ ಕಾಡಿನಲ್ಲಿ ಸೌದೆಯ ಹೊರೆಯೊಡನೆ ಸಿಕ್ಕಿಬಿದ್ದವನನ್ನು ಕೋರ್ಟಿಗೆ ಎಳೆಯುವುದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ. ಅವನಿಗೆ ಬೇಡದ ಕದ ದೆಹಲಿಯಲ್ಲಿದ್ದವರಿಗೇಕೆ ಎಂದು ಅವನು ಕೇಳಿದರೆ, ಆಡಳಿತಕ್ಕೆ ಧೈರ್ಯ ಬೇಕೆಂದು ಉತ್ತರ ಹೇಳಬಹುದು. ಆ ಉತ್ತರ ಪೂರ್ತಿ ಸುಳ್ಳಲ್ಲ. ಕದ ಇರಲಿ, ಬೀಗದ ಕೈ ಮಾತ್ರ ಸರ್ಕಾರದ ಸೊಂಟದಲ್ಲಿರಕೂಡದು. ಪಕ್ಷಕ್ಕೆ ಸೇರದ, ಸೇಡಿಗೂ ಸ್ನೇಹಕ್ಕೂ ಸಿಕ್ಕದ ಕೈಯಲ್ಲಿರಬೇಕು.

ಇದು ಅಸಾಧ್ಯವೆಂದು ಹೇಳುವಂತಿಲ್ಲ. ತಮಿಳುನಾಡಿನ ಮುಖ್ಯಮಂತ್ರಿ ಜಯಲಲಿತಾ ಅವರ ಮೊಕದ್ದಮೆ ಅವರದೇ ಆಡಳಿತದಲ್ಲಿ ನ್ಯಾಯವಾಗಿ ನಡೆಯದೆಂದು ಸುಪ್ರೀಂ ಕೋರ್ಟು 2003ರಲ್ಲಿ ಅದನ್ನು ಬೆಂಗಳೂರಿಗೆ ವರ್ಗಾಯಿಸಿತು. 2014ರ ಸೆಪ್ಟೆಂಬರ್ 27ರಂದು ಪರಪ್ಪನ ಅಗ್ರಹಾರದಲ್ಲಿ ತೀರ್ಪು ಹೊರಬಂದಾಗ ಪದವಿಯಲ್ಲಿದ್ದ ಮುಖ್ಯಮಂತ್ರಿಯೇ ಸೆರೆಮನೆಗೆ ನಡೆಯಬೇಕಾಯಿತು. 2015ರಲ್ಲಿ ಹೈಕೋರ್ಟು ಬಿಡುಗಡೆ ಮಾಡಿದ್ದು, 2017ರಲ್ಲಿ ಸುಪ್ರೀಂ ಕೋರ್ಟು ಕೆಳಗಿನ ತೀರ್ಪನ್ನು ಎತ್ತಿಹಿಡಿಯುವಷ್ಟರಲ್ಲಿ ಅವರು ಬದುಕಿರದಿದ್ದದ್ದು ಬೇರೆ ಮಾತು. ಪ್ರಭಾವದ ನೆರಳಿನಿಂದ ಮೊಕದ್ದಮೆಯನ್ನು ದೂರ ಒಯ್ದರೆ ವಿಚಾರಣೆ ನಡೆಯುತ್ತದೆಂಬುದನ್ನು ನಮ್ಮ ಊರೇ ಕಂಡಿದೆ. ಅಲ್ಲಿ ಕಂಡ ಕೊರತೆ ವೇಗದ್ದು.

‘ತುಘಲಕ್’ ಇನ್ನೂ ಆಡುವ ನಾಟಕ, ಮುಂದೆಯೂ ಆಡಲೇಬೇಕಾದದ್ದು. ಅದನ್ನು ರಂಗಕ್ಕೆ ತರುವ ನಿರ್ದೇಶಕರು ಸುಲ್ತಾನನ ಪಾತ್ರಕ್ಕೆ ಒಳ್ಳೆಯ ನಟನನ್ನು ಹುಡುಕುವುದರಲ್ಲೇ ಶ್ರಮವೆಲ್ಲ ಕಳೆಯುತ್ತಾರೆ. ಮೊದಲ ದೃಶ್ಯದಲ್ಲಿ ಆ ಮುಚ್ಚಿದ ಬಾಗಿಲಿನ ಹಿಂದೆ ಕುಳಿತವನ ಬಗೆಗೂ ಅವರು ಒಂದಿಷ್ಟು ಯೋಚಿಸಬೇಕು: ಆತನನ್ನು ನೇಮಿಸಿದವರು ಯಾರು, ಆತನ ಮುಂದೆ ಯಾವ ದಾವೆ ಬರಲು ಬಿಟ್ಟರು, ಯಾವುದನ್ನು ಹೊರಗೇ ನಿಲ್ಲಿಸಿದರು. ಪ್ರೇಕ್ಷಕರಾದ ನಮಗೂ ಇದೇ ಮಾತು ಸಲ್ಲುತ್ತದೆ. ಮಾಜಿ ಪ್ರಭುವನ್ನು ವಿಚಾರಣೆಗೆ ಗುರಿಮಾಡಬಹುದೆ ಎಂಬ ಪ್ರಶ್ನೆಗೆ ಕಾನೂನು ಎಂದೋ ಹೌದೆಂದು ಹೇಳಿದೆ. ಯಾವ ಅಪರಾಧಕ್ಕೆ, ಯಾರ ಅಪ್ಪಣೆಯಿಂದ, ಎಷ್ಟು ಕಾಲದಲ್ಲಿ ಎಂಬುದು ಉಳಿದಿರುವ ಪ್ರಶ್ನೆ. ಅದಕ್ಕೆ ಉತ್ತರವನ್ನು ನಾವು ಕೇಳಿ ಪಡೆಯಬೇಕಾಗಿದೆ.